ಬಾಟಲಿ ಪರೀಕ್ಷೆ

ಉಪ್ಪಿನಕಾಯಿ ತೀರಿದ ಬಾಟಲಿಗೆ
ಪುಣೆಯ ಸೂಸ್ ಗುಡ್ಡದ ಮಣ್ಣು, ನೀರು, ಚಿಟಿಕೆ ಉಪ್ಪು.
ಕುಲುಕಿಟ್ಟು ನಾಳೆಯವರೆಗೆ ಕಾಯಬೇಕು:
ತಳಕ್ಕೆ ಮರಳು, ನಡುವೆ ಗೋಡು, ಮೇಲೆ ಜೇಡಿ.
ವಹಿಯಲ್ಲಿ ಹೀಗೇ ಬರೆದುಕೊಂಡಿದ್ದೆ.

ಪೋಮಲಿಬಾಯಿ ಕಾಯಲಿಲ್ಲ.
ಒಂದಿಷ್ಟು ಮಣ್ಣು ಹಲ್ಲಲ್ಲಿ ಅರೆದು ಆಲಿಸಿ,
ಅಂಗೈಯಲ್ಲಿ ಬತ್ತಿ ಹೊಸೆದು, ಮುರಿದು,
ಉಗುಳಿದಳು:
"ಇದು ಬಿರಿತೈತಿ. ಇನ್ನೊಂದು ಬುಟ್ಟಿ ಮರಳು ಹಾಕು."

ಮರುದಿನ ಬಾಟಲಿಯೂ ಅದನ್ನೇ ಹೇಳಿತು,
ಮಿಲಿಮೀಟರಿನಲ್ಲಿ.

ದಾಬಕೆ ಸರ್ ಅಂಕಪಟ್ಟಿ ತುಂಬುತ್ತಿದ್ದರು:
ಮಳೆನೀರಿಗೆ ಇಷ್ಟು, ನೆರಳಿಗೆ ಇಷ್ಟು,
ಬೆಂಕಿ ಕಾಣದ ಇಟ್ಟಿಗೆಗೆ ಇಷ್ಟು.
ಆಕೆಯ ತಗಡಿನ ಶೆಡ್ಡು
ಏಪ್ರಿಲ್ಲಿನ ಮಧ್ಯಾಹ್ನ ಎಷ್ಟು ಕಾಯುತ್ತದೆ,
ಆ ಕಾಲಂ ಇರಲಿಲ್ಲ.

ನನ್ನ ತಾಪಮಾಪಕವನ್ನು ಅಲ್ಲಿ ನೇತುಹಾಕಿ ಬಂದೆ.
ನಲವತ್ತಾರು.
"ಎಷ್ಟಾತವ್ವಾ ಟೈಮು?" ಅಂದಳು,
ಮಗುವಿಗೆ ಸೆರಗು ಬೀಸುತ್ತ.

ಮೂಲೆ ಮುಕ್ಕಾದ ಇನ್ನೂರು ಇಟ್ಟಿಗೆ
ಲೆಕ್ಕದಿಂದ ಆಚೆ ಬಿದ್ದಿದ್ದವು.
ಈ ಭಾನುವಾರ ಶೆಡ್ಡಿನ ಪಡುವಣಕ್ಕೆ
ಮೊದಲ ಸಾಲು.
ನಾನು ಕೆಸರು ಕಲಸುತ್ತಿದ್ದೇನೆ.
ಆಕೆ ಬೈಯುತ್ತಿದ್ದಾಳೆ:
"ನೀರು ಹೆಚ್ಚಾತು."