ಏರಬೇಕಾದದ್ದು, ಇಳಿಯಬೇಕಾದದ್ದು

ಗಾಜಿನ ಕೊಳವೆಯಲ್ಲಿ ಎರಡು ಮಿಲಿ ರಕ್ತ.
ಇಪ್ಪತ್ತು ನಿಮಿಷ ಅಲುಗಿಸಬಾರದು.
ಆಮೇಲೆ ಬಾಗಿಸಿದೆ, ಹೆಪ್ಪಿಲ್ಲ,
ನೀರಿನಂತೆ ಹರಿಯಿತು.
ಕೊಳಕುಮಂಡಲ, ಎಂದೆ ದಾದಿಗೆ.
ಭತ್ತದ ಕುಯಿಲು ಶುರುವಾಯಿತೆಂದು
ತಾರಾವಡಿಯ ಈ ಆಸ್ಪತ್ರೆಗೆ
ಹಾವೇ ಮೊದಲು ಸುದ್ದಿ ಕಳಿಸುತ್ತದೆ.

ಕೋ ತಾನ್ ನ್ಯುನ್, ನಲವತ್ತೊಂದು, ಎಡಗಾಲ ಹಿಮ್ಮಡಿ.
ಮೂರನೆಯ ದಿನ ಮೂತ್ರ ನಿಂತಿತು.
ಅದಕ್ಕೂ ಮೊದಲು ಬಂದದ್ದು ಕಾಲು ಲೋಟ,
ಹಾಲಿಲ್ಲದ ಚಹಾದ ಬಣ್ಣ.

ಕರೆಂಟಿಲ್ಲದಾಗ ಯಂತ್ರ ಎಣಿಸುವುದಿಲ್ಲ, ನಾನು ಎಣಿಸುತ್ತೇನೆ.
ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸಿ
ಗದ್ದೆಬದುವಿನಂತೆ ಗೀರಿದ ಚೌಕಗಳಲ್ಲಿ
ಒಂದೊಂದನ್ನೇ, ಬೆರಳಡಿ ಟಿಕ್ ಟಿಕ್.
ಬಿಳಿಯವು ಹದಿನೆಂಟು ಸಾವಿರ,
ಬೆಂಕಿ ಬಿದ್ದ ಬೀದಿಗೆ ಓಡಿಬಂದ ಜನ.
ಪ್ಲೇಟ್‌ಲೆಟ್ ಮೂವತ್ತು ಸಾವಿರ, ಅಷ್ಟೇ.
ಕೆಂಪಿನವು ತುಂಡುತುಂಡು,
ಕತ್ತರಿಸಿ ಬಿಸಾಡಿದ ಉಗುರು.

ದಿನಾ ಹತ್ತು ಗಂಟೆಗೆ ಮಾ ಓನ್ ಚೀ ಕಿಂಡಿಗೆ ಬರುತ್ತಾಳೆ,
ಕೆನ್ನೆಯ ಮೇಲೆ ನಿನ್ನೆಯದೇ ತನಖಾ, ಬಿರುಕುಬಿಟ್ಟು.
ಓದು ಬಾರದು, ಅಂಕಿ ಬರುತ್ತದೆ,
ಸಂತೆಯಲ್ಲಿ ಮೀನು ತೂಗಿ ಕಲಿತದ್ದು.
"ಇದು ಏಳಿತ್ತು, ಒಂಬತ್ತಾಗಿದೆ. ಒಳ್ಳೆಯದಲ್ಲವೇ?"
ಇಲ್ಲಕ್ಕ, ಅದು ಕ್ರಿಯಾಟಿನಿನ್. ಇಳಿಯಬೇಕು.
"ಇದು ಹನ್ನೊಂದಿತ್ತು, ಏಳಾಗಿದೆ. ಇಳಿಯಿತಲ್ಲ?"
ಇಲ್ಲಕ್ಕ, ಅದು ಹಿಮೋಗ್ಲೋಬಿನ್. ಏರಬೇಕು.
ನನ್ನನ್ನೇ ದಿಟ್ಟಿಸಿದಳು
ತಕ್ಕಡಿಯಲ್ಲಿ ಮೋಸ ಹಿಡಿದವಳಂತೆ.

ಹೇಗೆ ಹೇಳಲಿ,
ಕಿಡ್ನಿ ಬರೀ ಸೋಸುವ ಬಟ್ಟೆಯಲ್ಲ,
ಮೂಳೆಯೊಳಗಿನ ಮಜ್ಜೆಗೆ ದಿನವೂ ಹೇಳಿಕಳಿಸುತ್ತದೆ
ರಕ್ತ ಸಾಲದು, ಮಾಡು ಎಂದು.
ಈಗ ಹೇಳಬೇಕಾದದ್ದೇ ಮಲಗಿದೆ.
ಕುಲುಮೆಯಲ್ಲಿ ಕೆಂಡವಿದೆ, ತಿದಿಯೊತ್ತುವ ಕೈಯಿಲ್ಲ.
ಹೇಳಿದೆ, ಬಂದ ಹಾಗೆ.
"ಹಾಗಾದರೆ ನಾನೇ ಹೇಳಿಬರಲೇ?" ಎಂದಳು.

ವಾರ್ಡಿಗೆ ಹೋಗಿ ಅವನ ಮೊಣಕಾಲ ಚಿಪ್ಪಿಗೆ ಬಾಯಿಟ್ಟು
ಏನೋ ಪಿಸುಗುಟ್ಟಿದಳಂತೆ.
ದಾದಿ ನಕ್ಕು ನಕ್ಕು ಹೇಳಿದಳು.
ನನಗೆ ನಗು ಬರಲಿಲ್ಲ.

ಹದಿಮೂರನೆಯ ದಿನ ಬಾಟಲಿಯಲ್ಲಿ ಇನ್ನೂರು ಮಿಲಿ.
ವಾರ್ಡಿಗೆ ವಾರ್ಡೇ ಎದ್ದು ಕೂತು ನೋಡಿತು.
ಹಿಮೋಗ್ಲೋಬಿನ್ ಮಾತ್ರ ಇನ್ನೂ ಜಾರಿತು, ಆರೂವರೆ.
ನೀರು ಮೊದಲು ಮರಳುತ್ತದೆ,
ರಕ್ತಕ್ಕೆ ದಾರಿ ದೂರ.

ಇವತ್ತು ನೀಲಿ ಬಣ್ಣ ಬೆರೆಸಿ ನೋಡಿದೆ.
ಎಳೆಯ ಕೆಂಪುಕಣಗಳು,
ಹೊಟ್ಟೆಯೊಳಗಿನ್ನೂ ನೂಲಿನ ಸಿಕ್ಕು ಬಿಚ್ಚದವು,
ಸಾವಿರಕ್ಕೆ ನಲವತ್ತು.
ಎರಡು ಸಲ ಎಣಿಸಿದೆ.
ಹತ್ತಾಗುತ್ತ ಬಂತು, ಕಿಂಡಿಯಾಚೆ ಚಪ್ಪಲಿ ಸದ್ದು.
ಇದು ಏರಬೇಕಾದದ್ದೋ ಇಳಿಯಬೇಕಾದದ್ದೋ
ಅವಳು ಕೇಳುವ ಮೊದಲೇ
ಚೀಟಿಯ ಅಂಚಿಗೆ ಪೆನ್ಸಿಲಿನಲ್ಲಿ
ಒಂದು ಬಾಣ ಬರೆದೆ,
ಮೇಲಕ್ಕೆ.