ಆರಬೇಕಾದ ದೀಪ

ದೀಪ ಆರಿತು ಅನ್ನಬಾರದು ನಮ್ಮಲ್ಲಿ,
ದೊಡ್ಡದಾಯಿತು ಅನ್ನಬೇಕು.
ಅವ್ವ ಬೈದು ಬೈದು ಕಲಿಸಿದ್ದು.
ಜಾವಾ ಗಾಡಿಗೆ ಈ ಮಡಿ ಗೊತ್ತಿಲ್ಲ.
ಹೆಡ್‌ಲೈಟಿನ ನೆತ್ತಿಯ ಮೇಲೆ
ಕಡಲೆಬೇಳೆಯಷ್ಟು ಕೆಂಪು;
ಇಂಜಿನ್ ಏರಿದ ಮೇಲೆ ಅದು ಆರಲೇಬೇಕು.
ಆರದಿದ್ದರೆ ಡೈನಮೋ ದುಡಿಯುತ್ತಿಲ್ಲ,
ಗಾಡಿ ಬ್ಯಾಟರಿಯ ಗಂಟು ಕರಗಿಸುತ್ತಿದೆ ಅಂತ.

ಅಮೀರ್‌ಜಾನ್ ಸಾಹೇಬರು ತಳ್ಳಿಕೊಂಡೇ ತಂದರು
ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯ ನನ್ನ ಶೆಡ್ಡಿಗೆ.
ಹತ್ತು ವರ್ಷ ರೇಷ್ಮೆ ಚರಕದ ಮನೆಯ ಮೂಲೆಯಲ್ಲಿ
ಸೌದೆ ಒರಗಿಸಿಕೊಂಡು ನಿಂತಿದ್ದ ಗಾಡಿ,
ಸೀಟಿಗಿನ್ನೂ ಬೆಂದ ಹುಳದ ವಾಸನೆ.
‘ಬ್ಯಾಟಪ್ಪಾ, ಕೆಂಪು ಹೋಗ್ತಾ ಇಲ್ಲ ನೋಡು.
ಮಾರೋಕಲ್ಲ. ಗೂಡಿನ ಮಾರ್ಕೆಟ್ಟಿಗೆ ಹೋಗೋಕೆ.’

ಬ್ಯಾಟರಿ ನೋಡಿದೆ. ಆರು ವೋಲ್ಟಿನದು, ಹೊಸದು, ಅದರ ತಪ್ಪಿಲ್ಲ.
ಕಾರ್ಬನ್ನುಗಳು ಇಲಿಹಲ್ಲಿನಷ್ಟು ಸವೆದಿದ್ದವು, ಬದಲಿಸಿದೆ.
ತಾಮ್ರದ ಪಟ್ಟಿಗಳ ಸಂದಿನ ಮಸಿಯನ್ನು
ಮುರಿದ ಗರಗಸದ ಅಲಗಿನಿಂದ ಕೆರೆದೆ.
ಗೇರಿನ ಕಡ್ಡಿಯನ್ನೇ ತಿರುಗಿಸಿ ಒದ್ದೆ.
ಕೆಂಪು.
ಕಟೌಟಿನ ಪಾಯಿಂಟುಗಳ ನಡುವೆ
ಯಾರದೋ ಮದುವೆ ಕಾಗದದ ಅಂಚು ತೂರಿಸಿ ಒರೆಸಿದೆ.
ಕೆಂಪು.
ಮೂರನೇ ರಾತ್ರಿ ತಟ್ಟೆಯಲ್ಲಿ ಟೊಮೆಟೊ ಕಂಡು
ಹೆಂಡತಿಯ ಮೇಲೆ ರೇಗಿದೆ.

ಉಳಿದದ್ದು ಒಳಗಿನ ಸುರುಳಿ.
ಮೀಟರು ಒಮ್ಮೆ ಹೂಂ ಅನ್ನುತ್ತೆ, ಒಮ್ಮೆ ಉಹೂಂ.
ಕಡ್ಡಿ ಇಟ್ಟಾಗ ಒಂದು, ತೆಗೆದು ಇಟ್ಟಾಗ ಇನ್ನೊಂದು,
ಪಂಚಾಯ್ತಿ ಸಾಕ್ಷಿಯ ಹಾಗೆ.
‘ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಿಸಬೇಕು ಸಾಹೇಬ್ರೆ,
ಎರಡು ತಿಂಗಳು ಹಿಡಿಯುತ್ತೆ.’
ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಅಷ್ಟರಲ್ಲಿ ಬುತ್ತಿ ಹಿಡಿದು ಅವರ ಅಕ್ಕ ಬಂದಳು, ಪ್ಯಾರೀಮಾ.
ನಲವತ್ತು ವರ್ಷ ಕುದಿನೀರಿನಲ್ಲಿ ಗೂಡಿನ ತುದಿ ಹುಡುಕಿದವಳು.
ರೇಷನ್ ಅಂಗಡಿಯ ಯಂತ್ರ
ಇವಳ ಹೆಬ್ಬೆಟ್ಟು ಒಪ್ಪುವುದಿಲ್ಲ, ಗೆರೆಗಳೇ ಇಲ್ಲವಂತೆ.
‘ಏನಿದು, ನೂಲಾ?’
ಸುರುಳಿ ಕೈಗೆತ್ತಿಕೊಂಡಳು. ಅದನ್ನು ನೋಡಲೂ ಇಲ್ಲ,
ಊಟದ ಹೊತ್ತು ಮೀರಿತೆಂದು ತಮ್ಮನನ್ನು ಬೈಯುತ್ತಿದ್ದಳು.
ಬೆರಳು ಮಾತ್ರ ಬಟ್ಟೆಯ ಪಟ್ಟಿಯ ಮೇಲೆ
ತಮ್ಮ ಪಾಡಿಗೆ ತಾವು ನಡೆದು,
ಒಂದು ಕಡೆ ನಿಂತವು.
‘ಇಲ್ಲಿ ಎಳೆ ತುಂಡಾಗೈತೆ.’

ಬಿಚ್ಚಿದೆ. ಹೌದು.
ಹಸಿರು ಕಿಲುಬಿನೊಳಗೆ ಎರಡು ತುದಿ,
ಮುಟ್ಟಿಯೂ ಮುಟ್ಟದೆ.
ನನ್ನ ಕನ್ನಡಕಕ್ಕೂ ಮೀಟರಿಗೂ ಸೇರಿ ನಾಚಿಕೆಯಾಯಿತು.
ಬೆಸುಗೆ ಹಾಕಿ, ಜೋಡಿಸಿ, ಒದ್ದೆ.

ಕೆಂಪು.

ಪ್ಯಾರೀಮಾ ನನ್ನನ್ನು ನೋಡಿದ ನೋಟ ಇಲ್ಲಿ ಬೇಡ.

ಆಗ ನೆನಪಾಯಿತು ಉಸ್ತಾದರು ಹೇಳಿದ್ದು:
ಬಹಳ ದಿನ ಸುಮ್ಮನೆ ನಿಂತ ಡೈನಮೋದಲ್ಲಿ
ಕಬ್ಬಿಣಕ್ಕೆ ಉತ್ತರವೇ ಮರೆತುಹೋಗುತ್ತೆ.
ಸಾಸಿವೆಯಷ್ಟು ನೆನಪಿದ್ದರೂ ಸಾಕು,
ತಿರುಗುತ್ತ ತಿರುಗುತ್ತ ತಾನೇ ಹೆಚ್ಚಿಸಿಕೊಳ್ಳುತ್ತೆ;
ಏನೂ ಇಲ್ಲದಿದ್ದರೆ ಊರೆಲ್ಲ ತಿರುಗಿದರೂ ಸೊನ್ನೆ.
ಇಂಜಿನ್ ನಿಲ್ಲಿಸಿದೆ. ಕೀ ಒತ್ತಿ
ಕಟೌಟಿನ ನಾಲಿಗೆಯನ್ನು ಬೆರಳಿನಿಂದ ಅದುಮಿದೆ,
ಕಣ್ಣು ಮಿಟುಕಿಸುವಷ್ಟು ಹೊತ್ತು.
ಚಿಟ್. ನೀಲಿ ಕಿಡಿ.
ಬ್ಯಾಟರಿ ತನ್ನಲ್ಲಿದ್ದುದರಲ್ಲೇ ಒಂದು ಚಿಟಿಕೆ
ಡೈನಮೋದ ಕಿವಿಯಲ್ಲಿ ಹೇಳಿತು.

ಮತ್ತೆ ಒದ್ದೆ. ರೇಸ್ ಕೊಟ್ಟೆ.
ಕೆಂಪು ನಡುಗಿತು, ಮಂಕಾಯಿತು,
ದೊಡ್ಡದಾಯಿತು.

‘ನಿಧಾನಿಸಿದರೆ ಮತ್ತೆ ಹತ್ತುತ್ತೆ ಸಾಹೇಬ್ರೆ,
ಅದು ದೋಷವಲ್ಲ, ಅದರ ಗುಣ’ ಅಂದೆ.
ನಂಬಲಿಲ್ಲ.
ಹಿಂದೆ ಬುತ್ತಿ ತಬ್ಬಿ ಕೂತ ಅಕ್ಕ,
ಮುಂದೆ ರೇಸ್ ಒಂದಿಷ್ಟೂ ಇಳಿಸದ ತಮ್ಮ.
ಕೆರೆಯ ಏರಿಯವರೆಗೂ ಕೇಳುತ್ತಿತ್ತು ಸದ್ದು,
ಅದರ ಮೇಲೆ ಅವಳ ಬೈಗುಳ.
ಬಿಲ್ಲಿನಲ್ಲಿ ಕೂಲಿ ಅಂತ ಬರೆದಿದ್ದೆ,
ಯಾರದು ಅಂತ ಬರೆದಿರಲಿಲ್ಲ.