ಎರಡು ಸುಳ್ಳು, ಒಂದು ನಾಯಿ

ಐಲ್ಸಾ ಅಂತ ಹೆಸರು. ಎಪ್ಪತ್ತರ ಮ್ಯಾಲ ವಯಸ್ಸು.
ಮೊಣಕಾಲಿಗಿ ಪಟ್ಟಿ, ತಲಿಗಿ ಗಂಡಸರ ಟೊಪಗಿ.
ಬೀದರ ಕೋಟಿ ಶರ್ಜಾ ದರ್ವಾಜಾದ ನೆರಳಾಗ ನಿಂತು
ನನ್ನ ಎದಿಮ್ಯಾಗಿನ ಬಿಲ್ಲಿ ಓದಿದಳು:
ಝ-ರೆ-ಪ್ಪ ಅಂದ್ರ?

ಗುಡ್ಡದ ಹೊಟ್ಯಾಗ, ಎದಿಮಟ ನೀರಿನಾಚಿ
ನರಸಿಂಹ ಇದ್ದಾನ, ಆ ಝರಿ ಹೆಸರು ನಂದು.
ನಮ್ಮವ್ವನ ಹರಕಿ. ಬಾವಲಿಗೋಳು ಸಾಕ್ಷಿ.
ಆಕಿ ನಕ್ಕಳು: ನಂದು ಸಮುದ್ರದಾಗಿನ ಒಂದು ಬಂಡಿಗಲ್ಲಿನ ಹೆಸರು.
ಹಂಗಾದ್ರ ನೀರಿನ ಕಡಿಯವರೇ ನಾವಿಬ್ಬರೂ.

ಇಪ್ಪತ್ತೆರಡು ವರ್ಷ ಆತು ಈ ಕೋಟಿ ತೋರಸ್ಲಕತ್ತು.
ರಂಗೀನ್ ಮಹಲಿನ ಚಿಪ್ಪಿನ ಹೊಳಪಿಗಿ ಹನ್ನೊಂದು ನಿಮಿಷ,
ಬಿದರಿ ಕೆಲಸದವರು ನಾಲಿಗಿ ಮ್ಯಾಲಿಟ್ಟು ಆರಿಸೋ
ಕರಿ ಮಣ್ಣಿಗಿ ಏಳು,
ಕಡೀಕ ಸುರಂಗ.
ಕಬ್ಬಿಣದ ಜಾಲರಿ, ಕೆಳಗ ಕತ್ತಲು, ತಣ್ಣನ ಉಸುರು.
‘ಇಲ್ಲಿಂದ ಕಲಬುರಗಿ ತನಕ ಕುದುರಿ ಓಡ್ತಿದ್ದವು.
ದೀಪ ಹಿಡಕೊಂಡು ಇಳದ ರಾಣಿ ಒಬ್ಬಾಕಿ
ಹೊಳ್ಳಿ ಬರಲಿಲ್ಲ. ಅಮಾಸಿಗಿ ಗೆಜ್ಜಿ ಕೇಳ್ತಾವ.’
ಇಷ್ಟಂದ್ರ ಮಂದಿ ಕಿಸೇಕ ಕೈ ಹಾಕ್ತಾರ.

ಆಕಿ ಹಾಕಲಿಲ್ಲ.
ಬಗ್ಗಿ, ಜಾಲರಿಗಿ ಕಿವಿ ಹಚ್ಚಿ, ಭಾಳ ಹೊತ್ತು ಕೇಳಿ
‘ಯಾರು ಮಾಡಿದ್ದು ಈ ರಾಣೀನ?’ ಅಂದಳು.

ಏನ್ ಹೇಳ್ಲಿ.
ಮೊದಲನೇ ವರ್ಷ, ಭಾಲ್ಕಿ ಸಾಲಿ ಹುಡುಗರು
ಆಕಳಿಸ್ಲಕತ್ತಿದ್ದರು. ಬಾಯಾಗ ಬಂತು, ಅಂದೆ.
ರಾಣಿ ಕೈಯಾಗ ಆಗ ದೀಪಾನೂ ಇರಲಿಲ್ಲ,
ಅದು ಮುಂದ ನಾನೇ ಕೊಟ್ಟಿದ್ದು.

ಕಟ್ಟಿ ಮ್ಯಾಲ ಕುಂತು ಫ್ಲಾಸ್ಕಿನ ಚಾ ನನಗೂ ಸುರುವಿದಳು.
‘ನಮ್ಮ ಕಡಿ ಒಂದು ಕೆರಿ ಅದ, ಲಾಕ್ ನೆಸ್. ಉದ್ದಕ, ಕಪ್ಪಗ.
ಅದರಾಗೊಂದು ಪ್ರಾಣಿ. ಜಗತ್ತೆಲ್ಲಾ ನೋಡೇದ ಅದರ ಫೋಟೋ.
ಆಟಿಗಿ ದೋಣಿಗಿ ಕುತ್ತಿಗಿ ಅಂಟಿಸಿದ್ದು, ಅಷ್ಟೇ.
ಅದರಾಗಿದ್ದವ ಒಬ್ಬ ಮುಪ್ಪಿನಾಗ ಒಪ್ಪಿಕೊಂಡ.’
ಖರೇ ಗೊತ್ತಾದಮ್ಯಾಲ ಏನಾತು?
‘ಏನಾಗೂದು. ಬೋಟಿನ ಟಿಕೀಟು ಏರಿತು.’

ಆಕಿ ರಾಜಧಾನಿ ಕೋಟಿ ಮ್ಯಾಲಿಂದ
ದಿನಾ ಮಧ್ಯಾಹ್ನ ಒಂದಕ್ಕ ತೋಪು ಹಾರಸ್ತಾರಂತ.
ಹನ್ನೆರಡಕ್ಕ ಯಾಕಿಲ್ಲ?
‘ಹನ್ನೆರಡು ಗುಂಡು ಖರ್ಚಾಗ್ತಾವಲ್ಲ. ನಾವು ಜುಗ್ಗರು.’
ಉಕ್ಕಿ ಬಂದ ನಗಿಗಿ ಚಾ ನನ್ನ ಅಂಗಿ ಮ್ಯಾಲ.

ಸಂಜಿಮುಂದ ಅಷ್ಟೂರು.
ಸಿಡಿಲು ಬಡಿದು ಅರ್ಧಾ ಬಿದ್ದ ಗುಮ್ಮಟ
ಒಡದ ಟೆಂಗಿನಕಾಯಿ ಹಂಗ ಒಳಗಿಂದೆಲ್ಲಾ ತೋರಸ್ಲಕತ್ತಿತ್ತು.
ಸುಲ್ತಾನ ಕ್ರೂರಿ ಇದ್ದ, ಅದಕ್ಕೇ ಸಿಡಿಲು ಅಂತಾರ ಮಂದಿ.
‘ಇದೂ ನಿಂದೇನು?’
ಅಲ್ಲ, ಇದು ನಮ್ಮಜ್ಜನಕಿಂತ ಹಳೇದು.
ಸಿಡಿಲಿಗಿ ಏನು ಗೊತ್ತು ಕೆಳಗ ಯಾರು ಮಲಗ್ಯಾರಂತ.
ಅದನ್ನ ಮಾತ್ರ ನಾ ಯಾರಿಗೂ ಹೇಳಾಂಗಿಲ್ಲ.

ಆಗ ಬಂತು ನಾಯಿ ಕಥಿ.
ಮಾಲಕ ಸತ್ತ. ಗೋರಿ ಬಿಟ್ಟು ಕದಲಲಿಲ್ಲ, ಹದಿನಾಲ್ಕು ವರ್ಷ.
ತೋಪಿನ ಸಪ್ಪಳ ಕೇಳಿದ್ರ ಊಟಕ್ಕ ಏಳ್ತಿತ್ತಂತ, ಮತ್ತ ಅಲ್ಲೇ.
ಕಂಚಿನ ಮೂರ್ತಿ ನಿಂದರಿಸ್ಯಾರ,
ಮಂದಿ ಮುಟ್ಟಿ ಮುಟ್ಟಿ ಮೂಗು ಬಂಗಾರ ಆಗ್ಯಾದ.
ದನಿ ಇಳಿಸಿ ಅಂದಳು: ‘ಎರಡು ನಾಯಿ ಅಂತಾರ ಕೆಲವರು.
ಮೊದಲಿಂದು ಸತ್ತಾಗ ಸುದ್ದಿ ಮಾಡಲಿಲ್ಲ,
ಇನ್ನೊಂದು ತಂದು ಕೂಡಿಸಿದರಂತ.’

ನನ್ನ ತಲ್ಯಾಗ ಉಳದದ್ದು ಆ ಎರಡನೇದು.
ಯಾರದೋ ಗೋರಿ. ಯಾರದೋ ದುಃಖ.
ಒಂದು ಹೊತ್ತಿನ ಊಟಕ್ಕ ಚಂದಗ ಕಾದಿತ್ತು ಅದು.
ನನಗಿಂತ ಮೊದಲು ಇಲ್ಲಿ ಲಾಲೇಸಾಬ ಗೈಡ್ ಇದ್ದ,
ಅವನ ಬೆತ್ತಾನೇ ಈಗ ನನ್ನ ಕೈಯಾಗ.

ಹೋದ ಐತವಾರ ಅದೇ ಅರ್ಧಾ ಗುಮ್ಮಟದ ಬುಡಕ
ಒಂದು ಕಂದು ನಾಯಿ ಮಲಗಿತ್ತು.
ಹುಮನಾಬಾದಿನ ಸಣ್ಣ ಹುಡುಗಿ: ಇದು ಯಾರದ್ರಿ?
ಬಾಯಾಗ ಬಂತು.
ನುಂಗಿದೆ.
ಯಾರದೂ ಅಲ್ಲವ್ವಾ ಅಂದೆ.

ಹುಡುಗಿ ನಂಬಲಿಲ್ಲ.
ಅರ್ಧಾ ಬಿಸ್ಕೀಟು ಅದರ ಮುಂದಿಟ್ಟು
ತಮ್ಮನ ಕಿವ್ಯಾಗ ಹೇಳ್ಲಕತ್ತಳು:
‘ಸುಮ್ಮನಿರು, ರಾಜಾ ಏಳೂದು ಕಾಯ್ಲಕತ್ತದ...’
ಬಸ್ಸಿನವ ಮೂರು ಸಲ ಹಾರ್ನ್ ಹೊಡದ.
ಮುಂದೇನಂದಳೋ, ಕೇಳಲಿಲ್ಲ ನನಗ.